ಟಿಎನ್‌ಎಫ್-ಆಲ್ಫಾ ವಯಲ್ ಕೈಗೆ ಬಂದ ಮೇಲೆ: ಮೊದಲ ಸಲ ರಿಕಾಂಬಿನೆಂಟ್ ಪ್ರೋಟೀನ್ ಬಳಸುವವರಿಗೆ

ಕೊರಿಯರ್‌ನವರು ಥರ್ಮೋಕೋಲ್ ಡಬ್ಬ ಕೊಟ್ಟು ಹೋಗುತ್ತಾರೆ. ಟೇಪ್ ಕತ್ತರಿಸಿ ಜೆಲ್ ಪ್ಯಾಕ್‌ಗಳನ್ನು ಎತ್ತಿದರೆ ಒಳಗೆ ಒಂದು ಪುಟ್ಟ ಕವರ್. ಅದರೊಳಗೆ ಕಿರುಬೆರಳಿನಷ್ಟು ಉದ್ದದ ವಯಲ್. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಸ್ವಲ್ಪ ವಾಲಿಸಿ, ಕಣ್ಣು ಕಿರಿದು ಮಾಡಿ ನೋಡಿದರೆ ತಳದಲ್ಲಿ ಒಣಗಿದ ಗಂಜಿಯ ಕಲೆಯಂಥ ತೆಳು ಪದರ ಇದ್ದರೂ ಇರಬಹುದು. "ಮೇಡಂ, ಖಾಲಿ ವಯಲ್ ಕಳಿಸಿದ್ದಾರೆ" ಎಂದು ಹೊಸ ವಿದ್ಯಾರ್ಥಿಗಳು ಗಾಬರಿಯಿಂದ ಬರುತ್ತಾರೆ.

ಖಾಲಿ ಅಲ್ಲ. ಅದರಲ್ಲಿ 50 ಮೈಕ್ರೋಗ್ರಾಂ ರಿಕಾಂಬಿನೆಂಟ್ ಪ್ರೋಟೀನ್, ಅಂದರೆ ಜೀನ್ ಅನ್ನು ಬೇರೆ ಜೀವಿಯೊಳಗೆ ಸೇರಿಸಿ ಮಾಡಿಸಿದ ಪ್ರೋಟೀನ್ ಇದೆ. ಸರಿಯಾಗಿ ಇಟ್ಟುಕೊಂಡರೆ ಎರಡು ಸಾವಿರಕ್ಕೂ ಹೆಚ್ಚು ವೆಲ್‌ಗಳಿಗೆ (ಜೀವಕೋಶ ಬೆಳೆಸುವ ಪ್ಲೇಟ್‌ನ ಗುಳಿಗಳಿಗೆ) ಸಾಕಾಗುವಷ್ಟು. ಆದರೆ ಮುಚ್ಚಳ ತೆಗೆದ ಮೊದಲ ಅರ್ಧ ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ಮುಂದಿನ ಮೂರು ತಿಂಗಳ ಫಲಿತಾಂಶ ನಿಂತಿರುತ್ತದೆ. ಹಾಗಾಗಿ ಇಲ್ಲಿ ಉರಿಯೂತ ಎಬ್ಬಿಸುವ ಪ್ರೋಟೀನ್ ಆದ ಟಿಎನ್‌ಎಫ್-ಆಲ್ಫಾವನ್ನೇ ಉದಾಹರಣೆಯಾಗಿ ಹಿಡಿದು ಒಂದೊಂದೇ ಹಂತ ಹೇಳುತ್ತೇನೆ. ಬೇರೆ ಸೈಟೋಕೈನ್‌ಗಳಿಗೂ (ಜೀವಕೋಶಗಳ ನಡುವೆ ಸಂಕೇತ ಒಯ್ಯುವ ಪ್ರೋಟೀನ್‌ಗಳಿಗೂ), ಗ್ರೋತ್ ಫ್ಯಾಕ್ಟರ್‌ಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಇದು ಎಂಥ ವಸ್ತು?

ಈ ಪ್ರೋಟೀನ್‌ನ ಕಥೆ ಸ್ವಲ್ಪ ಗೊತ್ತಿದ್ದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಲಾಯ್ಡ್ ಓಲ್ಡ್ ಅವರ ತಂಡ ಬಿಸಿಜಿ ಲಸಿಕೆ ಕೊಟ್ಟ ಇಲಿಗಳಿಗೆ ಎಂಡೋಟಾಕ್ಸಿನ್ ಚುಚ್ಚಿ, ಅವುಗಳ ರಕ್ತದ ಸೀರಮ್ ತೆಗೆದು ಗೆಡ್ಡೆ ಇದ್ದ ಇಲಿಗಳಿಗೆ ಕೊಟ್ಟಿತು. ಗೆಡ್ಡೆಗಳು ಕೊಳೆತು ಸತ್ತವು. ಸೀರಮ್‌ನಲ್ಲಿ ಆ ಕೆಲಸ ಮಾಡಿದ ಅಂಶಕ್ಕೆ 'ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್' ಎಂದು ಹೆಸರಿಟ್ಟರು. 1984ರಲ್ಲಿ ಜೆನೆನ್‌ಟೆಕ್ ವಿಜ್ಞಾನಿಗಳು ಮಾನವ ಜೀನ್ ಅನ್ನು ಕ್ಲೋನ್ ಮಾಡಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಆ ಪ್ರೋಟೀನ್ ತಯಾರಿಸಿದರು.

ಒಂದು ಮಾತು ನೆನಪಿಡಿ. ಎಂಡೋಟಾಕ್ಸಿನ್ ಅಂದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಇರುವ ಪದಾರ್ಥ. ಅದು ದೇಹಕ್ಕೆ ಹೋದರೆ ದೇಹ ಟಿಎನ್‌ಎಫ್ ಸುರಿಸುತ್ತದೆ. ಈಗ ನಾವು ಟಿಎನ್‌ಎಫ್ ಅನ್ನು ತಯಾರಿಸುತ್ತಿರುವುದೂ ಅದೇ ಇ. ಕೋಲಿಯಲ್ಲಿ. ಅಂದರೆ ಪ್ರೋಟೀನ್ ಜೊತೆ ಚೂರು ಎಂಡೋಟಾಕ್ಸಿನ್ ಬಂದರೂ, ಯಾವುದು ಯಾರ ಕೆಲಸ ಎಂದು ಬೇರೆ ಮಾಡುವುದು ಕಷ್ಟವಾಗುತ್ತದೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಅದೇ.

ಕರಗಿ ಓಡಾಡುವ ರೂಪದ ಮಾನವ ಟಿಎನ್‌ಎಫ್-ಆಲ್ಫಾದಲ್ಲಿ 157 ಅಮೈನೋ ಆಮ್ಲಗಳಿವೆ, ತೂಕ ಸುಮಾರು 17 ಕಿಲೋಡಾಲ್ಟನ್. ಒಂಟಿಯಾಗಿ ಅದು ಕೆಲಸ ಮಾಡುವುದಿಲ್ಲ. ಮೂರು ಸೇರಿ ಗೋಪುರದ ಆಕಾರ ಪಡೆದಾಗಲೇ ಜೀವಕೋಶದ ರಿಸೆಪ್ಟರ್‌ಗಳನ್ನು (ಸಂಕೇತ ಗ್ರಹಿಸುವ ಪ್ರೋಟೀನ್‌ಗಳನ್ನು) ಹಿಡಿಯುತ್ತದೆ. ಉಪ್ಪನ್ನು ಕರಗಿಸಿದ ಹಾಗೆ ಇದನ್ನು ಕರಗಿಸಲು ಆಗದಿರುವುದು ಇದಕ್ಕೇ. ಉಪ್ಪಿಗೆ ಆಕಾರದ ಚಿಂತೆ ಇಲ್ಲ. ಇದಕ್ಕೆ ಆಕಾರ ಕೆಟ್ಟರೆ ತೂಕ ಅಷ್ಟೇ ಇದ್ದರೂ ಕೆಲಸ ಸೊನ್ನೆ.

ಆರ್ಡರ್ ಹಾಕುವ ಮೊದಲು

ಕ್ಯಾಟಲಾಗ್‌ನಲ್ಲಿ ಬೆಲೆ ನೋಡುವ ಮೊದಲು ಡೇಟಾಶೀಟ್ ಇಳಿಸಿಕೊಂಡು ಓದಿ. ಮೊದಲು ನೋಡಬೇಕಾದ್ದು, ಯಾವ ಜೀವಿಯಲ್ಲಿ ತಯಾರಿಸಿದ್ದಾರೆ ಎಂದು. ಟಿಎನ್‌ಎಫ್-ಆಲ್ಫಾಕ್ಕೆ ಇ. ಕೋಲಿ ಸಾಕು, ಸಕ್ಕರೆ ಸರಪಳಿ ಇಲ್ಲದೆಯೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಪ್ರೋಟೀನ್‌ಗೂ ಹೀಗಲ್ಲ. ಎರಿಥ್ರೋಪೊಯೆಟಿನ್‌ಗೆ ಮೈಮೇಲೆ ಸಕ್ಕರೆ ಇರದಿದ್ದರೆ ದೇಹದಲ್ಲಿ ನಿಲ್ಲುವುದೇ ಇಲ್ಲ, ಅದಕ್ಕೇ ಅದನ್ನು ಸಿಎಚ್‌ಒ ಎಂಬ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಮಾಡುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ ಮಾನವ ಇನ್ಸುಲಿನ್ ಮಾಡುವುದು ಪಿಕಿಯಾ ಎಂಬ ಯೀಸ್ಟ್‌ನಲ್ಲಿ. ಪ್ರೋಟೀನ್‌ಗೆ ತಕ್ಕ ಮನೆ.

ಎರಡನೆಯದು, ಕ್ಯಾರಿಯರ್ ಇದೆಯೋ ಇಲ್ಲವೋ. ಪ್ರೋಟೀನ್ ಪ್ಲಾಸ್ಟಿಕ್‌ಗೆ ಅಂಟದಿರಲಿ ಎಂದು ಕೆಲವು ವಯಲ್‌ಗಳಲ್ಲಿ ಬಿಎಸ್‌ಎ, ಅಂದರೆ ದನದ ರಕ್ತದ ಅಲ್ಬುಮಿನ್ ಪ್ರೋಟೀನ್ ಬೆರೆಸಿರುತ್ತಾರೆ. ಜೀವಕೋಶಗಳಿಗೆ ಹಾಕಲು ಅದು ಒಳ್ಳೆಯದು. ಆದರೆ ಪ್ರೋಟೀನ್‌ಗೆ ಬಣ್ಣ ಅಥವಾ ಬಯೋಟಿನ್ ಜೋಡಿಸಬೇಕು, ಮಾಸ್ ಸ್ಪೆಕ್ ಮಾಡಬೇಕು ಎಂದಿದ್ದರೆ 'ಕ್ಯಾರಿಯರ್ ಫ್ರೀ' ಎಂದು ಬರೆದಿರುವುದನ್ನೇ ತರಿಸಿ. ಇಲ್ಲದಿದ್ದರೆ ನಿಮ್ಮ ಬಣ್ಣವೆಲ್ಲ ಬಿಎಸ್‌ಎಗೆ ಹೋಗುತ್ತದೆ.

ಆಮೇಲೆ ಎಂಡೋಟಾಕ್ಸಿನ್ ಮಟ್ಟ ಮತ್ತು ಇಡಿ50. ಎರಡರ ಲೆಕ್ಕವನ್ನೂ ಮುಂದೆ ಹೇಳುತ್ತೇನೆ.

ನಿಮ್ಮದು ಇಲಿಯ ಜೀವಕೋಶಗಳಾಗಿದ್ದರೆ ಇನ್ನೊಂದು ಮಾತು. ಟಿಎನ್‌ಎಫ್‌ಗೆ ಎರಡು ರಿಸೆಪ್ಟರ್‌ಗಳಿವೆ. ಮಾನವ ಟಿಎನ್‌ಎಫ್ ಇಲಿಯ ಮೊದಲ ರಿಸೆಪ್ಟರ್ ಅನ್ನು ಹಿಡಿಯುತ್ತದೆ, ಎರಡನೆಯದನ್ನು ಹಿಡಿಯುವುದಿಲ್ಲ. ಎರಡನೆಯ ರಿಸೆಪ್ಟರ್ ಬಗ್ಗೆ ಕೆಲಸ ಮಾಡುವವರು ಇಲಿಯ ಟಿಎನ್‌ಎಫ್ ಅನ್ನೇ ಕೊಳ್ಳಬೇಕು.

ಡಬ್ಬ ಬಂದ ದಿನ

ನಮ್ಮಲ್ಲಿ ಇಂಥ ಪ್ರೋಟೀನ್‌ಗಳು ಹೆಚ್ಚಾಗಿ ಹೊರದೇಶದಿಂದ ಬರುತ್ತವೆ. ಕಸ್ಟಮ್ಸ್‌ನಲ್ಲಿ ಎರಡು ದಿನ ಜಾಸ್ತಿ ನಿಂತರೆ ಜೆಲ್ ಪ್ಯಾಕ್ ನೀರಾಗಿರುತ್ತದೆ. ತಕ್ಷಣ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಲಯೋಫಿಲೈಸ್ ಮಾಡಿದ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿಯಾಗಿದ್ದರೆ ಅಷ್ಟು ಚಿಂತೆ ಬೇಡ. ನೀರಿಲ್ಲದ ಪ್ರೋಟೀನ್ ಗಟ್ಟಿ. ಕೆಲವು ದಿನ ಕೋಣೆಯ ಉಷ್ಣತೆಯಲ್ಲಿ ಇದ್ದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಡೇಟಾಶೀಟ್‌ನಲ್ಲಿ ಎಷ್ಟು ದಿನ ಎಂದು ಬರೆದಿರುತ್ತಾರೆ, ನೋಡಿ. ದ್ರವ ರೂಪದಲ್ಲಿ ಡ್ರೈ ಐಸ್ ಮೇಲೆ ಬರಬೇಕಾದದ್ದು ಕರಗಿ ಬಂದಿದ್ದರೆ ಮಾತ್ರ ಫೋಟೋ ತೆಗೆದು ಅವತ್ತೇ ಕಂಪನಿಗೆ ಬರೆಯಿರಿ.

ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ಸಂಖ್ಯೆ) ಅನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆ ಲಾಟ್‌ನ ಸರ್ಟಿಫಿಕೇಟ್ ಆಫ್ ಅನಾಲಿಸಿಸ್ ಅನ್ನೂ ಇಳಿಸಿ ಇಟ್ಟುಕೊಳ್ಳಿ. ಅವತ್ತೇ ಕರಗಿಸುವ ಅವಸರ ಬೇಡ. ಶುಕ್ರವಾರ ಸಂಜೆ ಅಂತೂ ಬೇಡವೇ ಬೇಡ. ಪುಡಿಯನ್ನು ಫ್ರೀಜರ್‌ನಲ್ಲಿ ಇಟ್ಟು, ಒಂದು ಬೆಳಗ್ಗೆ ಪುರುಸೊತ್ತು ಮಾಡಿಕೊಂಡು ಕೂರಿ.

ಕರಗಿಸುವುದು

ಬೇಕಾದದ್ದು: ಸ್ಟೆರೈಲ್ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ಬಫರ್), ಎಂಡೋಟಾಕ್ಸಿನ್ ಕಡಿಮೆ ಇರುವ ಬಿಎಸ್‌ಎ, 0.2 ಮೈಕ್ರಾನ್ ಸಿರಿಂಜ್ ಫಿಲ್ಟರ್, ಪ್ರೋಟೀನ್ ಅಂಟದ ಟ್ಯೂಬ್‌ಗಳು, ಐಸ್. 10 ಮಿಲಿಲೀಟರ್ ಪಿಬಿಎಸ್‌ನಲ್ಲಿ 10 ಮಿಲಿಗ್ರಾಂ ಬಿಎಸ್‌ಎ ಕರಗಿಸಿದರೆ 0.1 ಶೇಕಡಾ. ಇದನ್ನು ಮೊದಲು ಫಿಲ್ಟರ್ ಮಾಡಿಕೊಳ್ಳಿ. ಟಿಎನ್‌ಎಫ್ ಸೇರಿಸಿದ ಮೇಲೆ ಫಿಲ್ಟರ್ ಮಾಡಬೇಡಿ, ಅಷ್ಟು ಕಡಿಮೆ ಪ್ರೋಟೀನ್ ಫಿಲ್ಟರ್ ಹಾಳೆಗೇ ಅಂಟಿ ಮಾಯವಾಗುತ್ತದೆ.

ನಿಮ್ಮ ಡೇಟಾಶೀಟ್ 'ಸ್ಟೆರೈಲ್ ನೀರಿನಲ್ಲಿ ಕರಗಿಸಿ' ಎಂದಿದ್ದರೆ ನೀರನ್ನೇ ಬಳಸಿ. ಪಿಬಿಎಸ್‌ನಿಂದ ಒಣಗಿಸಿದ ಪುಡಿಯಲ್ಲಿ ಉಪ್ಪು ಆಗಲೇ ಇರುತ್ತದೆ. ಅದಕ್ಕೆ ಮತ್ತೆ ಪಿಬಿಎಸ್ ಹಾಕಿದರೆ ಉಪ್ಪು ಜಾಸ್ತಿಯಾಗುತ್ತದೆ. ಇಲ್ಲಿ ನಾನು '0.1 ಶೇಕಡಾ ಬಿಎಸ್‌ಎ ಇರುವ ಪಿಬಿಎಸ್‌ನಲ್ಲಿ, ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ' ಎಂದು ಹೇಳುವ ವಯಲ್ ಹಿಡಿದು ಹೇಳುತ್ತಿದ್ದೇನೆ.

ವಯಲ್ ಅನ್ನು ಫ್ರೀಜರ್‌ನಿಂದ ತೆಗೆದು ಮುಚ್ಚಳ ತೆಗೆಯದೆ ಹದಿನೈದು ನಿಮಿಷ ಬೆಂಚ್ ಮೇಲೆ ಬಿಡಿ. ತಣ್ಣಗಿರುವಾಗಲೇ ತೆಗೆದರೆ ಗಾಳಿಯ ತೇವ ಒಳಗೆ ಹನಿಯುತ್ತದೆ. ಆಮೇಲೆ ಚಿಕ್ಕ ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ಸ್ಪಿನ್ ಕೊಡಿ. ಇದನ್ನು ಬಿಟ್ಟುಬಿಡುವವರು ತುಂಬಾ ಜನ. ದಾರಿಯುದ್ದಕ್ಕೂ ಅಲುಗಾಡಿದ ಪುಡಿ ಮುಚ್ಚಳದ ಒಳಮೈಗೆ ಅಂಟಿರುತ್ತದೆ. ಸ್ಪಿನ್ ಇಲ್ಲದೆ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣದ ಆ ಪುಡಿ ಹುಡ್‌ನ (ಶುದ್ಧ ಗಾಳಿ ಹರಿಯುವ ಕೆಲಸದ ಪೆಟ್ಟಿಗೆಯ) ಗಾಳಿಯಲ್ಲಿ ಹಾರಿಹೋಗುತ್ತದೆ. ನಿಮ್ಮ 50 ಮೈಕ್ರೋಗ್ರಾಂ ಎಷ್ಟಾಯಿತು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಹುಡ್ ಒಳಗೆ ಮುಚ್ಚಳ ತೆಗೆದು 500 ಮೈಕ್ರೋಲೀಟರ್ ಬಫರ್ ಹಾಕಿ. ತಳಕ್ಕೆ ರಭಸವಾಗಿ ಬಿಡಬೇಡಿ. ಗೋಡೆಯ ಮೇಲಿಂದ ಸುತ್ತಲೂ ಇಳಿಸಿ, ಗೋಡೆಗೆ ಅಂಟಿದ್ದೂ ಕರಗುತ್ತದೆ. ಮುಚ್ಚಳ ಹಾಕಿ ನಿಧಾನವಾಗಿ ವಾಲಿಸಿ, ತಿರುಗಿಸಿ, ಮುಚ್ಚಳದ ಒಳಭಾಗವೂ ಒದ್ದೆಯಾಗಲಿ. ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ವೋರ್ಟೆಕ್ಸ್ ಯಂತ್ರದಲ್ಲಿ ಗಿರಗಿರ ಕಲಕಬೇಡಿ. ಪೈಪೆಟ್‌ನಿಂದ ಗುಳುಗುಳು ಎಳೆದು ಬಿಟ್ಟು ನೊರೆ ಬರಿಸಬೇಡಿ. ನೊರೆಯ ಪ್ರತಿ ಗುಳ್ಳೆಯ ಮೈಯೂ ಗಾಳಿ ನೀರು ಸೇರುವ ಗಡಿ, ಅಲ್ಲಿ ಪ್ರೋಟೀನ್ ತನ್ನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಇನ್ನೊಂದು ಚಿಕ್ಕ ಸ್ಪಿನ್.

ಇದು ನಿಮ್ಮ ಸ್ಟಾಕ್: ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ, ಅಂದರೆ ಮೈಕ್ರೋಲೀಟರ್‌ಗೆ 100 ನ್ಯಾನೋಗ್ರಾಂ.

ಅಲಿಕ್ವಾಟ್ ಮಾಡುವುದು

ಪಿಎಚ್‌ಡಿಯ ಮೊದಲ ವರ್ಷ ನಾನು ಇಡೀ ಸ್ಟಾಕ್ ಅನ್ನು ಒಂದೇ ಟ್ಯೂಬ್‌ನಲ್ಲಿ ಇಟ್ಟಿದ್ದೆ. ಪ್ರತಿ ಸಲ ಫ್ರೀಜರ್‌ನಿಂದ ತೆಗೆಯುವುದು, ಕರಗಿಸುವುದು, ಬೇಕಾದಷ್ಟು ತೆಗೆದು ಮತ್ತೆ ಒಳಗಿಡುವುದು. ಮೊದಲ ವಾರಗಳಲ್ಲಿ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಒಂದು ಪ್ರೋಟೀನ್ ಅನ್ನು ಗುರುತಿಸುವ ಪರೀಕ್ಷೆ) ಚೆನ್ನಾಗಿ ಬಂತು. ಬರುಬರುತ್ತಾ ಟಿಎನ್‌ಎಫ್ ಹಾಕಿದ ಲೇನ್‌ಗೂ ಹಾಕದ ಲೇನ್‌ಗೂ ವ್ಯತ್ಯಾಸವೇ ಇಲ್ಲದ ಹಾಗಾಯಿತು. ಆಂಟಿಬಾಡಿ ಕೆಟ್ಟಿರಬೇಕು ಎಂದು ಹೊಸದು ತರಿಸಿದೆ. ಜೀವಕೋಶಗಳು ಹಳೆಯವಾಗಿವೆ ಎಂದು ಹೊಸ ವಯಲ್ ತೆಗೆದು ಬೆಳೆಸಿದೆ. ಎರಡು ತಿಂಗಳು ಹೋಯಿತು. ಕೊನೆಗೆ ಲ್ಯಾಬ್‌ನ ಹಿರಿಯರೊಬ್ಬರು ಬಂದು ನನ್ನ ಟ್ಯೂಬ್ ಎತ್ತಿ ಹಿಡಿದು ಕೇಳಿದರು, "ಇದು ಎಷ್ಟು ಸಲ ಕರಗಿದೆಯಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನಿಮಗೆ ಬರಬಾರದು ಎಂದೇ ಈ ಭಾಗವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸ್ಟಾಕ್ ಅನ್ನು 10 ಮೈಕ್ರೋಲೀಟರ್‌ನ ಅಲಿಕ್ವಾಟ್‌ಗಳಾಗಿ, ಅಂದರೆ ಚಿಕ್ಕ ಪಾಲುಗಳಾಗಿ ಬೇರೆ ಬೇರೆ ಟ್ಯೂಬ್‌ಗಳಿಗೆ ಹಂಚಿ. ಲೆಕ್ಕಕ್ಕೆ 50, ಕೈಗೆ ಸಿಗುವುದು 47, 48. ಅದಕ್ಕಿಂತ ಚಿಕ್ಕದು ಮಾಡಬೇಡಿ. ದ್ರವ ಕಡಿಮೆಯಾದಷ್ಟೂ ಟ್ಯೂಬ್‌ನ ಗೋಡೆಗೆ ಅಂಟುವ ಪಾಲು ಜಾಸ್ತಿ. ಪ್ರತಿ ಟ್ಯೂಬ್ ಮೇಲೆ ಹೆಸರು, ಸಾಂದ್ರತೆ, ಲಾಟ್ ನಂಬರ್, ತಾರೀಕು ಇರಲಿ. ಎಥನಾಲ್ ತಾಗಿದರೆ ಅಳಿಸುವ ಪೆನ್ನಿನಲ್ಲಿ ಬರೆಯಬೇಡಿ.

ಇಡುವುದು ಮೈನಸ್ 80ರಲ್ಲಿ. ಮೈನಸ್ 20 ಮಾತ್ರ ಇದ್ದರೆ ಅದು 'ಫ್ರಾಸ್ಟ್ ಫ್ರೀ' ಫ್ರೀಜರ್ ಆಗಿರಬಾರದು. ಅಂಥ ಫ್ರೀಜರ್‌ಗಳು ಮಂಜು ಕರಗಿಸಲು ಆಗಾಗ ತಾವೇ ಬಿಸಿಯಾಗುತ್ತವೆ. ನೀವು ಮುಟ್ಟದಿದ್ದರೂ ನಿಮ್ಮ ಟ್ಯೂಬ್ ಬಿಸಿ ತಂಪು ಉಣ್ಣುತ್ತಿರುತ್ತದೆ. ಕರೆಂಟ್ ಹೋಗಿ ಬರುವ ಕಡೆಗಳಲ್ಲಿ ಟ್ಯೂಬ್‌ಗಳನ್ನು ದಪ್ಪ ಗೋಡೆಯ ಕೂಲ್ ಬ್ಲಾಕ್ ಒಳಗೆ ಇಟ್ಟು ಫ್ರೀಜರ್‌ನಲ್ಲಿ ಇಡಿ.

ಒಂದು ಅಲಿಕ್ವಾಟ್ ತೆಗೆದರೆ ಐಸ್ ಮೇಲೆ ಕರಗಿಸಿ, ಬಳಸಿ, ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಆ ವಾರದಲ್ಲೇ ಮತ್ತೆ ಬೇಕಾದರೆ 4 ಡಿಗ್ರಿಯ ಫ್ರಿಜ್‌ನಲ್ಲಿ ಇಡಬಹುದು.

ಎಷ್ಟು ಹಾಕಬೇಕು?

ಉರಿಯೂತದ ಸಂಕೇತ ಎಬ್ಬಿಸಲು ಸಾಮಾನ್ಯವಾಗಿ ಮಿಲಿಲೀಟರ್‌ಗೆ 10 ನ್ಯಾನೋಗ್ರಾಂ ಹಾಕುತ್ತಾರೆ. ಆರು ವೆಲ್‌ನ ಪ್ಲೇಟ್, ಪ್ರತಿ ವೆಲ್‌ನಲ್ಲಿ 2 ಮಿಲಿಲೀಟರ್ ಮೀಡಿಯಾ (ಜೀವಕೋಶ ಬೆಳೆಸುವ ದ್ರವ) ಎಂದುಕೊಳ್ಳಿ. ವೆಲ್ ಒಂದಕ್ಕೆ ಬೇಕಾದದ್ದು 20 ನ್ಯಾನೋಗ್ರಾಂ. ಸ್ಟಾಕ್‌ನಿಂದ ನೇರವಾಗಿ ಹಾಕಿದರೆ 0.2 ಮೈಕ್ರೋಲೀಟರ್. ಅಷ್ಟನ್ನು ಯಾವ ಪೈಪೆಟ್ಟೂ ನಂಬಿಕೆಯಿಂದ ಅಳೆಯುವುದಿಲ್ಲ. ಹಾಗಾಗಿ ನಡುವೆ ಒಂದು ಮೆಟ್ಟಿಲು ಬೇಕು. 10 ಮೈಕ್ರೋಲೀಟರ್ ಅಲಿಕ್ವಾಟ್‌ಗೆ, ಅದೇ ಟ್ಯೂಬ್‌ನಲ್ಲೇ, ಸೀರಮ್ ಇರುವ 990 ಮೈಕ್ರೋಲೀಟರ್ ಮೀಡಿಯಾ ಸೇರಿಸಿ. ಈಗ ಅದು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ. ಇದರಿಂದ ವೆಲ್‌ಗೆ 20 ಮೈಕ್ರೋಲೀಟರ್. ಒಂದು ಅಲಿಕ್ವಾಟ್‌ಗೆ 50 ವೆಲ್. ಈ ತೆಳು ದ್ರಾವಣವನ್ನು ಅವತ್ತೇ ಬಳಸಿ ಮುಗಿಸಿ.

ಕೆಲವು ಪ್ರಬಂಧಗಳಲ್ಲಿ ನ್ಯಾನೋಗ್ರಾಂ ಬದಲು ಯೂನಿಟ್ ಬರೆದಿರುತ್ತಾರೆ. ಹೆದರಬೇಡಿ. ಇಡಿ50 ಅಂದರೆ ಅರ್ಧದಷ್ಟು ಪರಿಣಾಮ ತೋರಿಸಲು ಬೇಕಾದ ಪ್ರಮಾಣ. ಅದು ಮಿಲಿಲೀಟರ್‌ಗೆ 0.05 ನ್ಯಾನೋಗ್ರಾಂ ಎಂದಿದ್ದರೆ, 10 ಲಕ್ಷವನ್ನು 0.05ರಿಂದ ಭಾಗಿಸಿ. 2 ಕೋಟಿ ಬಂತಲ್ಲ, ಮಿಲಿಗ್ರಾಂಗೆ ಅಷ್ಟು ಯೂನಿಟ್. ಈ ಲೆಕ್ಕದಲ್ಲಿ 10 ನ್ಯಾನೋಗ್ರಾಂ ಅಂದರೆ 200 ಯೂನಿಟ್. ಎರಡು ಕಂಪನಿಗಳ ವಯಲ್‌ಗಳನ್ನು ಹೋಲಿಸುವಾಗ ತೂಕ ನೋಡಿದರೆ ಸಾಲದು, ಇದನ್ನು ನೋಡಿ.

ಕೆಲಸ ಮಾಡುತ್ತಿದೆಯೇ ಎಂದು ನೋಡುವುದು

ಹೊಸ ಲಾಟ್ ಬಂದಾಗಲೆಲ್ಲ ಒಂದು ದಿನ ಇದಕ್ಕೆ ಮೀಸಲಿಡಿ. ಸುಲಭದ ದಾರಿ ಹೀಲಾ ಎಂಬ ಮಾನವ ಜೀವಕೋಶಗಳಲ್ಲಿ ಐ-ಕಪ್ಪಾ-ಬಿ-ಆಲ್ಫಾ ಪ್ರೋಟೀನ್‌ನ ವೆಸ್ಟರ್ನ್ ಬ್ಲಾಟ್. ಈ ಪ್ರೋಟೀನ್, ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿಯನ್ನು ನ್ಯೂಕ್ಲಿಯಸ್ ಒಳಗೆ ಹೋಗದಂತೆ ಕಟ್ಟಿಹಾಕಿರುತ್ತದೆ. ಟಿಎನ್‌ಎಫ್ ಬಂದ ಕೂಡಲೇ ಜೀವಕೋಶ ಇದನ್ನು ಒಡೆದುಹಾಕುತ್ತದೆ. 0, 15, 30, 60 ನಿಮಿಷಗಳಿಗೆ ಸ್ಯಾಂಪಲ್ ತೆಗೆಯಿರಿ. 15ನೇ ನಿಮಿಷದ ಲೇನ್‌ನಲ್ಲಿ ಬ್ಯಾಂಡ್ ಹೆಚ್ಚುಕಡಿಮೆ ಇಲ್ಲವಾಗಿರಬೇಕು. 60ರ ಹೊತ್ತಿಗೆ ಮತ್ತೆ ಮೂಡುತ್ತಿರಬೇಕು, ಏಕೆಂದರೆ ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿಯೇ ಹೊಸ ಐ-ಕಪ್ಪಾ-ಬಿ-ಆಲ್ಫಾ ತಯಾರಿಸುತ್ತದೆ. ಹೋಗಿ ಮತ್ತೆ ಬರುವ ಆ ಬ್ಯಾಂಡ್ ನೋಡುವುದು ನನಗೆ ಇವತ್ತಿಗೂ ಖುಷಿ.

ಅಂಕಿ ಬೇಕಾದವರಿಗೆ ಹಳೆಯ, ಗಟ್ಟಿ ವಿಧಾನ ಎಲ್929 ಎಂಬ ಇಲಿ ಜೀವಕೋಶಗಳದ್ದು. ಹಿಂದಿನ ದಿನ 96 ವೆಲ್‌ನ ಪ್ಲೇಟ್‌ಗೆ ಜೀವಕೋಶ ಹಾಕಿ, ಮರುದಿನ ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ಆಕ್ಟಿನೋಮೈಸಿನ್ ಡಿ ಜೊತೆ ಟಿಎನ್‌ಎಫ್ ಅನ್ನು 10 ನ್ಯಾನೋಗ್ರಾಂನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಳುಮಾಡುತ್ತಾ ಹಾಕಿ. ಒಂದು ದಿನದ ನಂತರ, ಬದುಕಿರುವ ಜೀವಕೋಶಗಳಲ್ಲಿ ಬಣ್ಣ ಬರಿಸುವ ಎಂಟಿಟಿ ಪರೀಕ್ಷೆಯಿಂದ ಎಷ್ಟು ಬದುಕಿವೆ ಎಂದು ಅಳೆಯಿರಿ. ಆಕ್ಟಿನೋಮೈಸಿನ್ ಏಕೆ? ಬರಿ ಟಿಎನ್‌ಎಫ್‌ಗೆ ಜೀವಕೋಶ ತಕ್ಷಣ ತನ್ನನ್ನು ಕಾಯುವ ಪ್ರೋಟೀನ್‌ಗಳನ್ನು ಮಾಡಿಕೊಂಡು ಬದುಕಿಬಿಡುತ್ತದೆ. ಆಕ್ಟಿನೋಮೈಸಿನ್ ಆ ದಾರಿ ಮುಚ್ಚುತ್ತದೆ. ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅದರ ಕಸವನ್ನು ಬೇರೆಯಾಗಿ, ನಿಮ್ಮ ಸಂಸ್ಥೆಯ ಕೆಮಿಕಲ್ ವೇಸ್ಟ್‌ಗೆ ಕೊಡಿ.

ಇದು ಟಿಎನ್‌ಎಫ್‌ನ ಕೆಲಸವೋ, ಎಂಡೋಟಾಕ್ಸಿನ್‌ನದೋ?

ಮ್ಯಾಕ್ರೋಫೇಜ್, ಮಾನೋಸೈಟ್‌ನಂಥ ರೋಗನಿರೋಧಕ ಜೀವಕೋಶ, ಇಲ್ಲವೇ ಟಿಎಚ್‌ಪಿ-1 ಎಂಬ ಮಾನೋಸೈಟ್ ಥರದ ಜೀವಕೋಶ ಬಳಸುವವರು ಈ ಭಾಗವನ್ನು ಎರಡು ಸಲ ಓದಿ. ಈ ಜೀವಕೋಶಗಳು ಎಂಡೋಟಾಕ್ಸಿನ್ ಅನ್ನು ಟಿಎಲ್‌ಆರ್4 ರಿಸೆಪ್ಟರ್ ಮೂಲಕ ಬಹಳ ಸೂಕ್ಷ್ಮವಾಗಿ ಹಿಡಿಯುತ್ತವೆ. ಹಿಡಿದ ಮೇಲೆ ಎಬ್ಬಿಸುವುದೂ ಅದೇ ಎನ್‌ಎಫ್-ಕಪ್ಪಾ-ಬಿಯನ್ನು. ಬ್ಲಾಟ್ ಒಂದೇ ಥರ ಕಾಣುತ್ತದೆ.

ಮೊದಲು ಲೆಕ್ಕ. ಡೇಟಾಶೀಟ್ 'ಮೈಕ್ರೋಗ್ರಾಂಗೆ 1 ಇಯುಗಿಂತ ಕಡಿಮೆ' ಎನ್ನುತ್ತದೆ ಎಂದುಕೊಳ್ಳಿ. ಇಯು ಅಂದರೆ ಎಂಡೋಟಾಕ್ಸಿನ್ ಯೂನಿಟ್, ಸುಮಾರು 0.1 ನ್ಯಾನೋಗ್ರಾಂ. ಇದನ್ನು ಅಳೆಯುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ತೆಗೆದ ಎಲ್‌ಎಎಲ್ ಪರೀಕ್ಷೆಯಲ್ಲಿ. ನೀವು 10 ನ್ಯಾನೋಗ್ರಾಂ ಟಿಎನ್‌ಎಫ್ ಹಾಕಿದರೆ ಜೊತೆಗೆ ಹೋಗುವುದು ಹೆಚ್ಚೆಂದರೆ 0.01 ಇಯು. ತುಂಬಾ ಕಡಿಮೆ. ಆದರೆ ಇದೇ ಮಟ್ಟದ ಬೇರೊಂದು ಪ್ರೋಟೀನ್ ಅನ್ನು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ಹಾಕಬೇಕಾಗಿ ಬಂದರೆ? ಆಗ 1 ಇಯು. ಮಾನೋಸೈಟ್‌ಗಳು ಎದ್ದು ಕೂರಲು ಅಷ್ಟು ಸಾಕು.

ಇನ್ನೊಂದು ವಿಷಯ. ಎಷ್ಟೋ ಸಲ ಎಂಡೋಟಾಕ್ಸಿನ್ ವಯಲ್‌ನಿಂದ ಬಂದಿರುವುದಿಲ್ಲ, ನಮ್ಮ ಬಿಎಸ್‌ಎ, ನಮ್ಮ ನೀರು, ನಮ್ಮ ಗಾಜಿನ ಬಾಟಲಿಯಿಂದಲೇ ಬಂದಿರುತ್ತದೆ. ಆಟೋಕ್ಲೇವ್ ಮಾಡಿದೆವಲ್ಲ ಎಂದುಕೊಳ್ಳಬೇಡಿ. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಎಂಡೋಟಾಕ್ಸಿನ್ ಅಲ್ಲೇ ಉಳಿಯುತ್ತದೆ. ಗಾಜನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಮಾತ್ರ ಹೋಗುತ್ತದೆ.

ಹಾಗಾಗಿ ಕಂಟ್ರೋಲ್‌ಗಳು. ಟಿಎನ್‌ಎಫ್ ಇಲ್ಲದ, ಅದೇ ಬಿಎಸ್‌ಎ ಬಫರ್ ಅಷ್ಟೇ ಪ್ರಮಾಣದಲ್ಲಿ ಹಾಕಿದ ವೆಲ್ ಇರಲೇಬೇಕು. ಬರಿ ಮೀಡಿಯಾ ಹಾಕಿದ ವೆಲ್ ಅದಕ್ಕೆ ಬದಲಿಯಲ್ಲ. ಎರಡನೆಯದು, ಕುದಿಸಿದ ಟಿಎನ್‌ಎಫ್. 95 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಪ್ರೋಟೀನ್ ಆಕಾರ ಕೆಡುತ್ತದೆ, ಎಂಡೋಟಾಕ್ಸಿನ್ ತಡೆದುಕೊಳ್ಳುತ್ತದೆ. ಕುದಿಸಿದ ಮೇಲೂ ಪರಿಣಾಮ ಕಾಣುತ್ತಿದ್ದರೆ ಅದು ಟಿಎನ್‌ಎಫ್‌ನದಲ್ಲ. ಟಿಎನ್‌ಎಫ್ ತಡೆಯುವ ಆಂಟಿಬಾಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಮೊದಲೇ ಟಿಎನ್‌ಎಫ್ ಜೊತೆ ಬೆರೆಸಿಟ್ಟು ಹಾಕಿದಾಗ ಪರಿಣಾಮ ನಿಂತುಹೋಗಬೇಕು. ಎಂಡೋಟಾಕ್ಸಿನ್ ಅನ್ನು ಹಿಡಿದಿಡುವ ಪಾಲಿಮಿಕ್ಸಿನ್ ಬಿ ಹಾಕಿದರೆ ಪರಿಣಾಮ ಹಾಗೇ ಉಳಿಯಬೇಕು. ಟಿಎಲ್‌ಆರ್4 ಇಲ್ಲದ ಎಚ್‌ಇಕೆ293 ಜೀವಕೋಶಗಳು ನಿಮ್ಮ ಲ್ಯಾಬ್‌ನಲ್ಲಿ ಇದ್ದರೆ ಅವೂ ಒಳ್ಳೆಯ ಸಾಕ್ಷಿ. ಅವು ಟಿಎನ್‌ಎಫ್‌ಗೆ ಉತ್ತರಿಸುತ್ತವೆ, ಎಂಡೋಟಾಕ್ಸಿನ್‌ಗೆ ಇಲ್ಲ.

ಎಲ್ಲವನ್ನೂ ಪ್ರತಿ ಸಲ ಮಾಡಬೇಕಿಲ್ಲ. ಬಫರ್ ಕಂಟ್ರೋಲ್ ಮಾತ್ರ ಪ್ರತಿ ಸಲ. ಉಳಿದದ್ದನ್ನು ಹೊಸ ಲಾಟ್‌ಗೆ ಒಮ್ಮೆ, ಪ್ರಬಂಧ ಬರೆಯುವ ಮೊದಲು ಒಮ್ಮೆ.

ಕೆಲವು ಕಟ್ಟುನಿಟ್ಟಿನ ಮಾತು

ವಯಲ್ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದಿರುವುದು ಸುಮ್ಮನೆ ಅಲ್ಲ. ಇದು ಔಷಧಿಯಲ್ಲ, ಮನುಷ್ಯರಿಗೆ ಯಾವ ಕಾರಣಕ್ಕೂ ಕೊಡುವಂತಿಲ್ಲ. 1980ರ ದಶಕದಲ್ಲಿ ಆಸ್ಪತ್ರೆಗಳಲ್ಲಿ, ಔಷಧಿ ದರ್ಜೆಯ ಟಿಎನ್‌ಎಫ್ ಅನ್ನೇ ಕ್ಯಾನ್ಸರ್ ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದಾಗ ಜ್ವರ, ಚಳಿ, ರಕ್ತದೊತ್ತಡ ಕುಸಿಯುವುದು ಕಂಡಿತು. ಮುಂದೆ ದಾರಿ ತಿರುಗಿತು. ಟಿಎನ್‌ಎಫ್ ಕೊಡುವ ಬದಲು ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಬೆಂಚ್ ಮೇಲೆಯೂ ಗ್ಲೌಸ್ ಹಾಕಿ. ಪ್ರೋಟೀನ್ ಇರುವಾಗ ಸೂಜಿ ಬಳಸಬೇಡಿ. ಬಳಸಿದ ಮೀಡಿಯಾವನ್ನು ಬ್ಲೀಚ್ ಹಾಕಿ ಬಿಟ್ಟು ಆಮೇಲೆ ಚೆಲ್ಲಿ.

ಪ್ರಬಂಧದ ವಿಧಾನ ಭಾಗದಲ್ಲಿ 'ಟಿಎನ್‌ಎಫ್ ಹಾಕಲಾಯಿತು' ಎಂದು ಒಂದು ಸಾಲು ಬರೆದು ಬಿಡಬೇಡಿ. ಕಂಪನಿ, ಕ್ಯಾಟಲಾಗ್ ನಂಬರ್, ಯಾವ ಜೀವಿಯಲ್ಲಿ ಮಾಡಿದ್ದು, ಸಾಂದ್ರತೆ, ಎಷ್ಟು ಹೊತ್ತು, ಮೀಡಿಯಾದಲ್ಲಿ ಸೀರಮ್ ಇತ್ತೋ ಇಲ್ಲವೋ, ಕಂಟ್ರೋಲ್ ವೆಲ್‌ಗೆ ಏನು ಹಾಕಿದಿರಿ, ಎಲ್ಲವೂ ಬೇಕು. ಬೇರೆ ಊರಿನ ಯಾವುದೋ ಲ್ಯಾಬ್‌ನಲ್ಲಿ ಒಬ್ಬ ವಿದ್ಯಾರ್ಥಿ ನಿಮ್ಮ ಪ್ರಯೋಗವನ್ನು ಮತ್ತೆ ಮಾಡಲು ಕೂತಿರುತ್ತಾನೆ.

ಹಳೆಯ ಲಾಟ್‌ನ ಅಲಿಕ್ವಾಟ್‌ಗಳಲ್ಲಿ ನಾಲ್ಕೈದನ್ನು ಬಳಸದೆ ಉಳಿಸಿಕೊಳ್ಳಿ. ಹೊಸ ಲಾಟ್ ಬಂದ ದಿನ ಎರಡನ್ನೂ ಒಂದೇ ಪ್ಲೇಟ್‌ನಲ್ಲಿ ಅಕ್ಕಪಕ್ಕ ಹಾಕಿ ನೋಡಬಹುದು.